ಪದ ಪರಿಚಯ: ಆಪ್ಟಿಕಲ್ ಟೈಮ್ ಪ್ರೊಜೆಕ್ಷನ್ ಚೇಂಬರ್

ಚಿತ್ರದುರ್ಗದ ಭೀಮಸಮುದ್ರದ ಕಡೆಯಿಂದ ಲಾರಿಗಳಲ್ಲಿ ಸಾಗುವ ಅದಿರಿನ ಕಬ್ಬಿಣದಲ್ಲಿ ನೂರಕ್ಕೆ ಸುಮಾರು 92 ಪರಮಾಣುಗಳು ಕಬ್ಬಿಣ-56ಕ್ಕೆ ಸೇರಿದವು. ಅದರ ನ್ಯೂಕ್ಲಿಯಸ್ಸಿನಲ್ಲಿ 26 ಪ್ರೋಟಾನುಗಳೂ 30 ನ್ಯೂಟ್ರಾನುಗಳೂ ಇವೆ. ಕೇವಲ 19 ನ್ಯೂಟ್ರಾನುಗಳಿರುವ ಕಬ್ಬಿಣ-45 ಯಾವ ಗಣಿಯಲ್ಲೂ ಸಿಗದು. ವೇಗವರ್ಧಕದಲ್ಲಿ ನಿಕ್ಕಲ್ ನ್ಯೂಕ್ಲಿಯಸ್ಸುಗಳನ್ನು ಗುರಿಗೆ ಅಪ್ಪಳಿಸಿ ಅದನ್ನು ಹುಟ್ಟಿಸಬೇಕು, ಮತ್ತು ಹುಟ್ಟಿದ್ದರಲ್ಲಿ ಅರ್ಧ 3 ಮಿಲಿಸೆಕೆಂಡು ತುಂಬುವ ಮೊದಲೇ ಕ್ಷಯಿಸಿರುತ್ತದೆ. ನಮ್ಮ ಪಿಯುಸಿ ಪಠ್ಯದ ಆಲ್ಫಾ, ಬೀಟಾ, ಗಾಮಾಗಳಾಚೆಗೆ ಇದಕ್ಕೆ ಇನ್ನೊಂದು ದಾರಿಯಿದೆ: ಒಮ್ಮೆಲೇ ಎರಡು ಪ್ರೋಟಾನುಗಳನ್ನು ಹೊರಚೆಲ್ಲುವುದು.

ಸೋವಿಯತ್ ಭೌತವಿಜ್ಞಾನಿ ಗೋಲ್ಡಾನ್‌ಸ್ಕಿ 1960ರಲ್ಲೇ ಊಹಿಸಿದ್ದ ಈ ಕ್ಷಯಕ್ಕೆ 2002ರಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ಪ್ರಯೋಗಗಳು ಪುರಾವೆ ಒದಗಿಸಿದವು. ಆದರೆ ಅಲ್ಲಿ ಕಬ್ಬಿಣ-45ರ ಅಯಾನು (ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣು) ಪತ್ತೆಸಾಧನದ ಸಿಲಿಕಾನಿನೊಳಗೆ ಹೂತುಹೋಗುತ್ತಿದ್ದುದರಿಂದ ಅಳತೆಗೆ ಸಿಕ್ಕದ್ದು ಒಟ್ಟು ಶಕ್ತಿ ಮಾತ್ರ. ಎರಡು ಪ್ರೋಟಾನುಗಳು ಅದನ್ನು ಹೇಗೆ ಹಂಚಿಕೊಂಡವು, ಯಾವ ಕೋನದಲ್ಲಿ ಅಗಲಿದವು ಎಂಬುದು ಕಾಣಲಿಲ್ಲ. ವಾರ್ಸಾ ವಿಶ್ವವಿದ್ಯಾಲಯದ ತಂಡ ರೂಪಿಸಿದ ಆಪ್ಟಿಕಲ್ ಟೈಮ್ ಪ್ರೊಜೆಕ್ಷನ್ ಚೇಂಬರ್ ತುಂಬಿದ್ದು ಈ ಕೊರತೆಯನ್ನೇ.

ಇದು ಹೀಲಿಯಂ, ಆರ್ಗಾನ್ ಮತ್ತು ಅಲ್ಪ ನೈಟ್ರೋಜನ್ ಬೆರೆತ ಅನಿಲದ ಪೆಟ್ಟಿಗೆ. ಒಳಬಂದ ಅಯಾನು ಅನಿಲದಲ್ಲೇ ನಿಂತು ಕ್ಷಯಿಸುತ್ತದೆ. ಹೊರಟ ಪ್ರೋಟಾನು ದಾರಿಯುದ್ದಕ್ಕೂ ಎಲೆಕ್ಟ್ರಾನುಗಳನ್ನು ಕಿತ್ತು ಬಿಡುತ್ತದೆ. ಸಮನಾದ ವಿದ್ಯುತ್ ಕ್ಷೇತ್ರ ಅವುಗಳನ್ನು ಒಂದು ತುದಿಗೆ ಸೆಳೆದೊಯ್ಯುತ್ತದೆ. ಅಲ್ಲಿನ ಪ್ರಬಲ ಕ್ಷೇತ್ರದಲ್ಲಿ ಎಲೆಕ್ಟ್ರಾನುಗಳು ಹಲವು ಪಟ್ಟು ಹೆಚ್ಚಿ ಅನಿಲವನ್ನು ಬೆಳಗಿಸುತ್ತವೆ. ಆ ಬೆಳಕನ್ನು ಒಂದು ಸಿಸಿಡಿ ಕ್ಯಾಮೆರಾ ಚಿತ್ರವಾಗಿ ಹಿಡಿಯುತ್ತದೆ. ಚಿತ್ರವೆಂದರೆ ಗೋಡೆಯ ಮೇಲಿನ ನೆರಳಿದ್ದಂತೆ, ಆಳ ಅದರಲ್ಲಿಲ್ಲ. ಆಳವನ್ನು ಕೊಡುವುದು ಪಕ್ಕದ ಫೋಟೋಮಲ್ಟಿಪ್ಲೈಯರ್ ಎಂಬ ಬೆಳಕನ್ನಳೆಯುವ ಸಾಧನ. ದೂರದ ಎಲೆಕ್ಟ್ರಾನು ತಡವಾಗಿ ತಲುಪುವುದರಿಂದ, ಬೆಳಕು ಕಾಲದೊಂದಿಗೆ ಏರಿಳಿದ ಬಗೆಯನ್ನು ಚಿತ್ರಕ್ಕೆ ಜೋಡಿಸಿದಾಗ ಜಾಡು ಮೂರು ಆಯಾಮಗಳಲ್ಲಿ ಸಿಗುತ್ತದೆ. ಹೆಸರಿನಲ್ಲಿ ‘ಟೈಮ್’ ಬಂದಿರುವುದು ಇದಕ್ಕಾಗಿಯೇ.

ನನಗೆ ಹೆಚ್ಚು ಹಿಡಿಸಿದ್ದು ಇದರ ಸಣ್ಣದೊಂದು ಜಾಣ್ಮೆ. ಒಳನುಗ್ಗುವ ಭಾರವಾದ ಅಯಾನು ಎಷ್ಟು ಪ್ರಖರವಾಗಿ ಅನಿಲವನ್ನು ಅಯಾನೀಕರಿಸುತ್ತದೆಂದರೆ, ಸಂವೇದನೆಯನ್ನು ಹಾಗೆಯೇ ಬಿಟ್ಟರೆ ಪ್ರೋಟಾನುಗಳ ಮಂದ ಗೆರೆಗಳು ಅದರ ಮುಂದೆ ಕಾಣವು. ಆದ್ದರಿಂದ ಅಯಾನು ಬರುವಾಗ ಸಂವೇದನೆಯನ್ನು ತಗ್ಗಿಸಿಟ್ಟು, ಅದು ಬಂದೊಡನೆ ಏರಿಸಿ, ಬೇರೆ ಅಯಾನುಗಳು ನುಗ್ಗದಂತೆ ಕಿರಣಪುಂಜವನ್ನೇ ಕ್ಷಣಕಾಲ ನಿಲ್ಲಿಸಲಾಗುತ್ತದೆ.

ಅಮೆರಿಕದ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದ ಚಿತ್ರಗಳಲ್ಲಿ, ಉದ್ದದೊಂದು ಗೆರೆಯ ಕೊನೆಯಲ್ಲಿ ಎರಡು ಗಿಡ್ಡ ಗೆರೆಗಳು ಕವಲೊಡೆದಿರುವುದು ಬರಿಗಣ್ಣಿಗೇ ಕಾಣುತ್ತದೆ. ಆ ಗೆರೆಗಳ ನಡುವಿನ ಕೋನಗಳ ಹಂಚಿಕೆಯಿಂದ, ಪ್ರೋಟಾನುಗಳು ಒಂದೇ ತುಣುಕಾಗಿ ಹೊರಟು ಆಮೇಲೆ ಒಡೆಯುತ್ತವೆ ಎಂಬ ಸರಳ ಕಲ್ಪನೆ ಸಾಲದೆಂದೂ, ಉಳಿದ ನ್ಯೂಕ್ಲಿಯಸ್ಸು ಸೇರಿ ಮೂರೂ ಕಾಯಗಳನ್ನು ಒಟ್ಟಿಗೇ ಲೆಕ್ಕಹಾಕಬೇಕೆಂದೂ ತಿಳಿಯಿತು. ಅದೇ ಬಗೆಯ ಪೆಟ್ಟಿಗೆ 2011ರಲ್ಲಿ ನಿಕ್ಕಲ್-48ರ ಆರು ಕ್ಷಯಗಳನ್ನು ದಾಖಲಿಸಿದ್ದು, ಅವುಗಳಲ್ಲಿ ನಾಲ್ಕರಲ್ಲಿ ಜೋಡಿ ಪ್ರೋಟಾನುಗಳ ಜಾಡಿತ್ತು.