ಜೀರ್ಣೋದ್ಧಾರ ಅಂದರೇನು? ಒಂದು ಹಳೆ ಫೈಬರ್ ದೋಣಿಯ ನೆಪದಲ್ಲಿ

ಜೀರ್ಣೋದ್ಧಾರ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ಗುಡಿ ನೆನಪಾಗುತ್ತದೆ. ಊರ ಹನುಮಪ್ಪನ ಗುಡಿ ಸೋರುತ್ತಿದೆ, ಪಟ್ಟಿ ಎತ್ತಬೇಕು, ರಸೀದಿ ಪುಸ್ತಕ ಅಚ್ಚು ಹಾಕಿಸಬೇಕು. ಆ ರಸೀದಿಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಜೀರ್ಣೋದ್ಧಾರ ಸಮಿತಿ’ ಅಂತ ಇರುತ್ತದೆ. ನಾನು ಈ ಪದವನ್ನು ಮೊದಲು ಓದಿದ್ದೂ ಅಲ್ಲೇ. ಅದು ದೋಣಿಗೂ ಹೊಂದುತ್ತದೆ ಅಂತ ಗೊತ್ತಾಗಿದ್ದು ಈ ವರ್ಷ, ಸೋದರಮಾವನ ಹಳೆ ಮೀನು ದೋಣಿ ಅಂಕೋಲೆಯಲ್ಲಿ ಲಾರಿ ಹತ್ತಿ, ಅರಬೈಲ್ ಘಟ್ಟ ಏರಿ, ಹುಬ್ಬಳ್ಳಿಯ ನಮ್ಮ ಹಿತ್ತಲಿಗೆ ಬಂದ ಮೇಲೆ.

‘ಸಮುದ್ರ ಬಿಟ್ಟು ದೋಣಿನ ಇಲ್ಲಿಗ್ಯಾಕ ತಂದ್ರಿ?’ ಅಂತ ಓಣಿಯವರು ಕೇಳದ ದಿನವಿಲ್ಲ. ಕಾರಣ ಎರಡು. 18 ಅಡಿಯ ಈ ದೋಣಿ ಒಂಬತ್ತು ಮಳೆಗಾಲ ತೆಂಗಿನ ಮರದ ಕೆಳಗೆ ಬಾಯಿ ತೆರೆದು ಮಲಗಿತ್ತು. ಮೊದಲು ಅದು ಒಣಗಬೇಕು. ಕರಾವಳಿಯ ಜಿಗಿ ಗಾಳಿಯಲ್ಲಿ ಬಟ್ಟೆಯೇ ಬೇಗ ಒಣಗುವುದಿಲ್ಲ, ದೋಣಿಯ ಹೊಟ್ಟೆ ಎಲ್ಲಿ ಒಣಗೀತು? ನಮ್ಮ ಬಯಲಿನ ಫೆಬ್ರವರಿ, ಮಾರ್ಚ್ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎರಡನೆಯದು, ಬಸ್ ಬಾಡಿ, ನೀರಿನ ಟಾಕಿ ಅಂತ ಫೈಬರ್ ಕೆಲಸದಲ್ಲಿ ಕೈ ಪಳಗಿದ ಮಿಸ್ತ್ರಿಗಳು ನಮ್ಮ ಹುಬ್ಬಳ್ಳಿಯಲ್ಲೂ ಇದ್ದಾರೆ.

ಈಗ ಪದಕ್ಕೆ ಬರೋಣ. ಜೀರ್ಣ, ಉದ್ಧಾರ ಎರಡೂ ಸಂಸ್ಕೃತದಿಂದ ಬಂದವು, ಆದರೆ ಎರಡೂ ನಮ್ಮ ಮನೆಮಾತಾಗಿವೆ. ಉಂಡದ್ದು ಜೀರ್ಣ ಆಯಿತು ಅನ್ನುತ್ತೇವೆ, ಆಗದಿದ್ದರೆ ಅಜೀರ್ಣ. ಮುಪ್ಪಾಗು, ಸವೆ, ಕರಗು ಅನ್ನುವುದೆಲ್ಲ ಅದರ ಮೂಲ ಅರ್ಥದಲ್ಲೇ ಇದೆ. ಮುಪ್ಪಿಗೆ ಹೇಳುವ ‘ಜರಾ’ ಕೂಡ ಅದೇ ಬೇರಿನ ಪದ. ಉದ್ಧಾರ ಅಂದರೆ ಮೇಲಕ್ಕೆ ಎತ್ತುವುದು. ಬಾವಿಗೆ ಬಿದ್ದ ಕೊಡವನ್ನು ಎತ್ತಿದ ಹಾಗೆ. ಸವೆದು ಕರಗುತ್ತಿರುವುದನ್ನು ಹಿಡಿದು ಮೇಲೆತ್ತುವುದೇ ಜೀರ್ಣೋದ್ಧಾರ.

ಇದಕ್ಕೆ ಹತ್ತಿರದ ಪದಗಳು ಇನ್ನೂ ಇವೆ. ರಿಪೇರಿ ಅಂದರೆ ಕೆಟ್ಟದ್ದು ಮತ್ತೆ ನಡೆಯುವ ಹಾಗೆ ಮಾಡುವುದು. ದುರಸ್ತಿಯೂ ಹೆಚ್ಚು ಕಡಿಮೆ ಅದೇ. ನವೀಕರಣದಲ್ಲಿ ಹೊಸದು ಮಾಡುವ ಆಸೆ ಇದೆ, ಹಳೆಯದರ ಹಂಗು ಇಲ್ಲ. ಜೀರ್ಣೋದ್ಧಾರದಲ್ಲಿ ಮಾತ್ರ ಮೊದಲು ಜೀರ್ಣವಾದದ್ದು ಯಾವುದು, ಎಷ್ಟು ಅಂತ ಕಂಡುಕೊಳ್ಳಬೇಕು. ಆಮೇಲೆ ಎತ್ತುವ ಮಾತು. ಪದದ ಒಳಗೇ ಕೆಲಸದ ಕ್ರಮ ಇದೆ ನೋಡಿ.

ಹಳೆಯ ಶಾಸನಗಳಲ್ಲಿ ಈ ಪದ ಒಂಟಿಯಾಗಿ ಬರುವುದು ಕಡಿಮೆ. ಗದಗ, ಧಾರವಾಡ, ಹಾವೇರಿ ಸೀಮೆಯ ತುಂಬ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿವೆ, ದಾನಶಾಸನಗಳಿವೆ. ಆ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಪೂಜೆಗೆ ಇಷ್ಟು, ಅನ್ನದಾನಕ್ಕೆ ಇಷ್ಟು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು ಅಂತ ಭೂಮಿ ಬಿಟ್ಟುಕೊಡುತ್ತಿದ್ದರು. ಖಂಡ ಅಂದರೆ ತುಂಡಾದದ್ದು, ಸ್ಫುಟಿತ ಅಂದರೆ ಬಿರಿದದ್ದು, ಜೀರ್ಣ ಅಂದರೆ ಒಳಗೇ ಸವೆದದ್ದು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇವತ್ತಿಗೂ ನಿಂತಿದೆ. ಕಲ್ಲೇ ಆದರೂ ಸಾವಿರ ವರ್ಷ ಸುಮ್ನೆ ನಿಲ್ಲುವುದಿಲ್ಲ, ನಡುನಡುವೆ ಯಾರದೋ ಕೈ ತಾಗಿರುತ್ತದೆ. ಅದಕ್ಕೇ ಆ ಕಾಲದವರು ರಿಪೇರಿಯ ಹಣವನ್ನೂ ಮೊದಲೇ ಎತ್ತಿಡುತ್ತಿದ್ದರು. ಇದು ನನಗೆ ಬಹಳ ದೊಡ್ಡ ವಿಚಾರ ಅನಿಸುತ್ತದೆ.

ಮಾವನ ದೋಣಿಯ ಮುಂದೆ ನಿಂತಾಗ ನನಗೆ ದಾರಿ ತೋರಿಸಿದ್ದು ಈ ಮೂರು ಮಾತುಗಳೇ. ಒಂದು ಕಾಗದದ ಟೇಪಿನ ಉಂಡೆ, ಒಂದು ಮಾರ್ಕರ್ ತಂದೆ. ಹಾಳಾದ ಕಡೆಯಲ್ಲೆಲ್ಲ ಟೇಪ್ ಅಂಟಿಸಿ ಖ, ಸ್ಫು, ಜೀ ಅಂತ ಬರೆಯುತ್ತಾ ಹೋದೆ.

ಖ ಸುಲಭ. ಕಣ್ಣಿಗೆ ಕಾಣುತ್ತದೆ. ಮೂತಿಯ ಹತ್ತಿರ ಅಂಗೈ ಅಗಲದ ಚೂರು ಹಾರಿಹೋಗಿತ್ತು, ಅಂಚಿನ ಪಟ್ಟಿ ಎರಡು ಕಡೆ ಕಿತ್ತಿತ್ತು. ಇಂಥದ್ದನ್ನು ತುಂಬುವಾಗ ಗುಂಡಿಗೆ ಪುಟ್ಟಿ ಮೆತ್ತಿ ಬಿಡುವಂತಿಲ್ಲ. ಸುತ್ತಲಿನ ಗೋಡೆಯನ್ನು ಇಳಿಜಾರಾಗಿ ತಿಕ್ಕಬೇಕು, ಒಂದಕ್ಕೆ ಹನ್ನೆರಡರ ಲೆಕ್ಕ. ಗೋಡೆ 5 ಮಿ.ಮೀ. ದಪ್ಪ ಇದ್ದರೆ ಸುತ್ತ 60 ಮಿ.ಮೀ. ಇಳಿಜಾರು. ಆಗ ಹೊಸ ಪದರಗಳಿಗೆ ಹಳೆಯದನ್ನು ಹಿಡಿದುಕೊಳ್ಳಲು ಜಾಗ ಸಿಗುತ್ತದೆ.

ಸ್ಫು ಅಂದರೆ ಬಿರುಕು. ಫೈಬರ್ ದೋಣಿಯನ್ನು ಅಚ್ಚಿನೊಳಗೆ ಹೊರಗಿನಿಂದ ಒಳಕ್ಕೆ ಕಟ್ಟುತ್ತಾರೆ. ಮೊದಲು ಅಚ್ಚಿಗೆ ಬಣ್ಣದ ಜೆಲ್‌ಕೋಟ್, ಸುಮಾರು ಅರ್ಧ ಮಿ.ಮೀ. ಅದರ ಮೇಲೆ ಗಾಜಿನ ನಾರಿನ ಮ್ಯಾಟ್, ಅದನ್ನು ನೆನೆಸಿ ಗಟ್ಟಿಯಾಗುವ ಅಂಟು ದ್ರವ ರೆಸಿನ್, ಮತ್ತೆ ಮ್ಯಾಟ್, ಮತ್ತೆ ರೆಸಿನ್. ಜೇಡರ ಬಲೆಯ ಹಾಗೆ ಕಾಣುವ ಸಣ್ಣ ಗೆರೆಗಳು ಬರೀ ಜೆಲ್‌ಕೋಟಿನಲ್ಲಿದ್ದರೆ ಚಿಂತೆಯಿಲ್ಲ. ಒಂದೇ ಮೂಲೆಯಿಂದ, ಇಲ್ಲವೇ ಒಂದು ಬೋಲ್ಟಿನ ಸುತ್ತ ಹರಡಿದ್ದರೆ ಅಲ್ಲಿ ಗೋಡೆ ಬಳುಕುತ್ತಿದೆ ಅಂತ ಅರ್ಥ. ತಿಕ್ಕಿ ನೋಡದೆ ಎರಡನ್ನೂ ಬೇರೆ ಮಾಡುವುದು ಕಷ್ಟ.

ಜೀ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಕಿವಿಗೆ ಬೀಳುತ್ತದೆ.

ಮಿಸ್ತ್ರಿ ಬಂದವರು ಮೊದಲು ಕೇಳಿದ್ದು ಚಹಾ, ಆಮೇಲೆ ಒಂದು ಐದು ರೂಪಾಯಿ ನಾಣ್ಯ. ನಾಣ್ಯದ ಅಂಚಿನಿಂದ ದೋಣಿಯ ಮೈಯನ್ನು ಗೇಣು ಗೇಣಿಗೆ ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಸಂತೆಯಲ್ಲಿ ನಮ್ಮವ್ವ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾಳಲ್ಲ, ಹಾಗೇ. ಹಿಂಬದಿಗೆ ಬಂದಾಗ ಸದ್ದು ಬದಲಾಯಿತು. ಟಣ್ ಹೋಗಿ ದಬ್ ಆಯಿತು. ‘ಇಲ್ಲಿ ಕೇಳ್ರಿ’ ಅಂದರು. ‘ಹೊರಗ ಗಟ್ಟಿ ಐತಿ, ಒಳಗ ಜೀವ ಇಲ್ಲ.’ ನಾನು ಟೇಪ್ ಅಂಟಿಸಿ ಜೀ ಬರೆದೆ. ಅವತ್ತು ಸಂಜೆಯ ಹೊತ್ತಿಗೆ ಅವರೂ ‘ಇದು ಖ ಅಲ್ರಿ, ಜೀ ಬರೀರಿ’ ಅನ್ನುತ್ತಿದ್ದರು.

ದೋಣಿಯ ಈ ಹಿಂಬದಿಯ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಔಟ್‌ಬೋರ್ಡ್ ಇಂಜಿನ್ ನೇತಾಡುವುದು ಇದರ ಮೇಲೆ. ಇಂಜಿನ್ನಿನ ಭಾರ, ಅದು ತಳ್ಳುವ ಬಲ ಎರಡನ್ನೂ ಇದೇ ಹೊರಬೇಕು. ಹೊರಗೆ ಫೈಬರ್, ಒಳಗೆ ಫೈಬರ್, ನಡುವೆ ಪ್ಲೈವುಡ್. ಫೈಬರ್ ದೋಣಿ ಕೊಳೆಯುವುದೇ ಇಲ್ಲ ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಗಾಜಿನ ನಾರು ಕೊಳೆಯುವುದಿಲ್ಲ, ನಿಜ. ಆದರೆ ಅದರ ಹೊಟ್ಟೆಯಲ್ಲಿರುವ ಮರ ಕೊಳೆಯುತ್ತದೆ. ಒಂದು ಬೋಲ್ಟಿನ ತೂತಿಗೆ ಸರಿಯಾಗಿ ಸೀಲ್ ಹಾಕದಿದ್ದರೆ ಸಾಕು. ನೀರು ಒಳಗೆ ಇಳಿಯುತ್ತದೆ, ಹೊರಬರಲು ದಾರಿ ಇಲ್ಲ. ವರ್ಷಗಟ್ಟಲೆ ಒಳಗೇ ಕೂತು ಮರವನ್ನು ಜೀರ್ಣ ಮಾಡಿಕೊಳ್ಳುತ್ತದೆ. ಈ ಪದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಮಿಸ್ತ್ರಿ ಒಳಗಿನ ಕಡೆಯಿಂದ 6 ಮಿ.ಮೀ. ಬಿಟ್ ಹಾಕಿ ತೂತು ಕೊರೆದರು. ಒಳ್ಳೆಯ ಪ್ಲೈ ಆಗಿದ್ದರೆ ಹಳದಿ ಪುಡಿ ಉದುರಬೇಕು. ಬಿಟ್‌ಗೆ ಸುತ್ತಿಕೊಂಡು ಬಂದದ್ದು ಚಹಾಪುಡಿಯ ಗಸಿಯಂಥ ಕಪ್ಪು ಹಿಟ್ಟು. ಬೆರಳಲ್ಲಿ ಹಿಸುಕಿದರೆ ನೀರು. ಕೆಸರುಗದ್ದೆಯ ವಾಸನೆ. ಇನ್ನೊಂದು ಕಡೆ ಕೊರೆದಾಗ ಪುಟ್ಟಿಯ ದಪ್ಪ ಪದರ, ಅದರ ಮೇಲೆ ಹೊಳೆಯುವ ನೀಲಿ ಬಣ್ಣ ಸಿಕ್ಕಿತು. ಹಿಂದೆ ಯಾರಿಗೋ ಪೂರ್ತಿ ಸರಿ ಮಾಡಿಕೊಡಿ ಅಂತ ಮಾವ ದುಡ್ಡು ಕೊಟ್ಟಿದ್ದರು. ಅವರು ಕೊಳೆತ ಮರದ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸಿದ್ದರು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಆ ಇಂಜಿನ್ನನ್ನೇ ನೆಚ್ಚಿಕೊಂಡು ಮಾವ ಬೆಳಗಿನ ಜಾವ ಕಡಲಿಗೆ ಇಳಿಯುತ್ತಿದ್ದರು.

ಇಷ್ಟು ಗೊತ್ತಾದ ಮೇಲೆ ಕೈ ತುರಿಸುತ್ತದೆ, ಗ್ರೈಂಡರ್ ಎತ್ತಿಕೊಂಡು ಎಲ್ಲ ಕತ್ತರಿಸಿಬಿಡೋಣ ಅನಿಸುತ್ತದೆ. ಹಾಗೆ ಮಾಡಬಾರದು. ಡೆಕ್ ಅನ್ನುವ ದೋಣಿಯ ನೆಲಹಾಸು, ಅದರ ಕೆಳಗಿನ ಉದ್ದ ತೊಲೆಗಳು, ಟ್ರಾನ್ಸಮ್, ಇವು ಮೂರೂ ಸೇರಿ ದೋಣಿಯ ಆಕಾರವನ್ನು ಹಿಡಿದಿರುತ್ತವೆ. ಒಟ್ಟಿಗೆ ಕಿತ್ತರೆ ತೆಳು ಗೋಡೆ ಹಿಗ್ಗುತ್ತದೆ, ಇಲ್ಲವೇ ತಿರುಚಿಕೊಳ್ಳುತ್ತದೆ. ಹಾಗೇ ಹೊಸ ಡೆಕ್ ಕೂರಿಸಿಬಿಟ್ಟರೆ ಆ ಸೊಟ್ಟ ಶಾಶ್ವತ. ಆಮೇಲೆ ಎಷ್ಟೇ ಚೆಂದ ಬಣ್ಣ ಹೊಡೆದರೂ ದೋಣಿ ನೀರಿನಲ್ಲಿ ಒಂದು ಕಡೆಗೆ ಎಳೆಯುತ್ತದೆ.

ಅದಕ್ಕೆ ನಾವು ಮೊದಲು ಮಾಡಿಸಿದ್ದು ಕಟ್ಟಿಗೆಯ ತೊಟ್ಟಿಲು. ದೋಣಿಯ ತಳದ ಆಕಾರಕ್ಕೆ ರಟ್ಟು ಕತ್ತರಿಸಿ, ಅದೇ ಅಳತೆಗೆ ಹಲಗೆ ಕೊಯ್ಯಿಸಿ, ನಾಲ್ಕು ಕಡೆ ಆನಿಸಿ ನಿಲ್ಲಿಸಿದೆವು. ಮಟ್ಟಗೋಲು ಇಟ್ಟು ನೋಡಿ, ಅಡ್ಡಕ್ಕೆ ಉದ್ದಕ್ಕೆ ದಾರ ಕಟ್ಟಿ ಅಳತೆ ಬರೆದುಕೊಂಡೆವು. ಪ್ರತಿ ಮೂಲೆಯ ಫೋಟೊ ತೆಗೆದೆವು. ತೊಲೆಗಳು ಎಷ್ಟೆಷ್ಟು ದೂರ ಇವೆ, ಡೆಕ್ ಎಷ್ಟು ಎತ್ತರ ಇದೆ ಅನ್ನುವುದೆಲ್ಲ ಈಗ ಒಂದು ನೋಟ್‌ಬುಕ್ಕಿನಲ್ಲಿದೆ. ಕೊಳೆತದ್ದನ್ನು ತೆಗೆದ ಮೇಲೆ ಅದರ ಅಳತೆ ಹೇಳುವವರು ಯಾರೂ ಇರುವುದಿಲ್ಲ.

ಸಾಮಾನಿನ ವಿಚಾರದಲ್ಲೂ ಮೊದಲೇ ತೀರ್ಮಾನ ಬೇಕು. ದೋಣಿ ಕಟ್ಟಿದ್ದು ಪಾಲಿಯೆಸ್ಟರ್ ರೆಸಿನ್‌ನಲ್ಲಿ. ಹಳೆಯ ಮೈಗೆ ಹೊಸದನ್ನು ಅಂಟಿಸುವಾಗ ಎಪಾಕ್ಸಿ ಅನ್ನುವ ಇನ್ನೊಂದು ರೆಸಿನ್ನಿನ ಹಿಡಿತ ಜಾಸ್ತಿ, ಬೆಲೆಯೂ ಜಾಸ್ತಿ. ಎಪಾಕ್ಸಿ ಬಳಸಿದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಮ್ಯಾಟ್ ಬೇಡ, ನೇಯ್ದ ಬಟ್ಟೆ ಬೇಕು. ಆ ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರ್‌ನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಎಪಾಕ್ಸಿಯ ಮೇಲೆ ಮತ್ತೆ ಜೆಲ್‌ಕೋಟ್ ಹೊಡೆದರೆ ಅದು ನಂಬಿಕೆಯಾಗಿ ಕೂರುವುದಿಲ್ಲ, ಬಣ್ಣವೇ ವಾಸಿ. ನಾವು ಟ್ರಾನ್ಸಮ್, ತೊಲೆಗಳಿಗೆ ಎಪಾಕ್ಸಿ, ಉಳಿದ ಕಡೆ ಪಾಲಿಯೆಸ್ಟರ್ ಅಂತ ಹಂಚಿಕೊಂಡಿದ್ದೇವೆ. ಹೊಸ ಟ್ರಾನ್ಸಮ್ಮಿನ ಎತ್ತರವೂ ಸುಮ್ನೆ ನಿರ್ಧರಿಸುವಂಥದ್ದಲ್ಲ. ಔಟ್‌ಬೋರ್ಡ್ ಇಂಜಿನ್ನಿನ ಕಾಲು 15, 20, 25 ಇಂಚು ಅಂತ ಬರುತ್ತದೆ. ಇಂಜಿನ್ ಯಾವುದು ಅಂತ ಗೊತ್ತಾಗದೆ ಹಲಗೆ ಕೊಯ್ದರೆ ಫ್ಯಾನ್ ನೀರಿಗೆ ಎಟುಕುವುದಿಲ್ಲ, ಇಲ್ಲವೇ ಜಾಸ್ತಿ ಮುಳುಗುತ್ತದೆ. ಹಳೆಯ ಟು-ಸ್ಟ್ರೋಕ್ ಬಿಟ್ಟು ಅಷ್ಟೇ ಶಕ್ತಿಯ ಫೋರ್-ಸ್ಟ್ರೋಕ್ ಹಾಕಿದರೆ ಸಾಮಾನ್ಯವಾಗಿ ಭಾರ ಹೆಚ್ಚು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಕಾಲ. ಬಿಚ್ಚುವುದು, ಒಣಗಿಸುವುದು ಬಿಸಿಲಲ್ಲಿ. ರೆಸಿನ್ ಹಾಕುವುದು ಬೆಳಿಗ್ಗೆ ಹತ್ತರೊಳಗೆ. ಏಪ್ರಿಲ್ ಮಧ್ಯಾಹ್ನದ ಬಿಸಿಗೆ ಕಲಸಿದ ಡಬ್ಬಿಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ರೋಹಿಣಿ ಮಳೆ ಹಿಡಿಯುವುದರೊಳಗೆ ಫೈಬರ್ ಕೆಲಸ ಮುಗಿಯಬೇಕು. ತಿಕ್ಕುವಾಗ ಮೂಗಿಗೆ ಒಳ್ಳೆಯ ಮಾಸ್ಕ್, ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ದೋಣಿಯೊಳಗೆ ಬಿಡುವುದಿಲ್ಲ ಅಂತ ಮಿಸ್ತ್ರಿಗೆ ಹೇಳಿದ್ದೇನೆ. ಗಾಜಿನ ಧೂಳು ಅದು.

ತೊಟ್ಟಿಲು ಗಟ್ಟಿಯಾಗಿ ಕೂತ ಮೇಲೆ, ಮೊನ್ನೆ, ಡೆಕ್ಕಿನ ಹಿಂಭಾಗದಲ್ಲಿ ಒಂದು ಕಿಟಕಿಯಷ್ಟು ಕತ್ತರಿಸಿ ನೋಡಿದೆವು. ಒಳಗೆ ದೋಣಿ ಮುಳುಗದಿರಲಿ ಅಂತ ತುಂಬಿದ್ದ ಫೋಮ್ ಇತ್ತು. ಹುರಿದ ಮಂಡಕ್ಕಿಯ ಹಾಗೆ ಹಗುರವಾಗಿರಬೇಕಾದ ವಸ್ತು. 20 ಲೀಟರಿನ ಬಕೆಟ್ ತುಂಬ ತುಂಬಿದರೂ ಮುಕ್ಕಾಲು ಕೆ.ಜಿ. ಮೀರಬಾರದು. ನಮ್ಮ ಬಕೆಟ್ಟನ್ನು ಓಣಿಯ ಕಿರಾಣಿ ಅಂಗಡಿಯ ತಕ್ಕಡಿಗೆ ಇಟ್ಟಾಗ, ಬಕೆಟ್ಟಿನ ತೂಕ ಕಳೆದು 11 ಕೆ.ಜಿ. ತೋರಿಸಿತು. ಅಂಥ ಬಕೆಟ್‌ಗಳು ಇನ್ನೂ ಎಷ್ಟಿವೆಯೋ ಒಳಗೆ. ಟೇಪ್ ಹರಿದು, ಕಿಟಕಿಯ ಅಂಚಿಗೆ ಜೀ ಅಂತ ಬರೆದು, ಮಾವನಿಗೆ ಫೋನ್ ಮಾಡಿ ತೂಕ ಹೇಳಿದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: ‘ಕಡೆಕಡೆಗೆ ದೋಣಿ ಏಳ್ತಾನೇ ಇರ್ಲಿಲ್ಲ ಮಾರಾಯಾ. ನಾನು ಇಂಜಿನ್ನಿಗೇ ಬೈತಿದ್ದೆ.’