ಕರುಳಿನ ಹೊಸ ಕೋಶಕ್ಕೆ ತಾನು ಏನಾಗಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಮಗಳಿಗೆ ಪಿಯುಸಿ ಬಯಾಲಜಿ ಹೇಳಿಕೊಡುವಾಗ ಒಂದು ಕಡೆ ಸಿಕ್ಕಿಕೊಂಡೆ. ದೇಹದ ಕೋಶಗಳಲ್ಲೆಲ್ಲಾ ಇರುವುದು ಒಂದೇ ಡಿಎನ್ಎ ಅಲ್ವಾ? ಹಾಗಿದ್ದ ಮೇಲೆ ಕರುಳಿನ ಒಂದು ಕೋಶ ಲೋಳೆ ಸುರಿಸುತ್ತದೆ, ಪಕ್ಕದ್ದು ಊಟದ ಸಾರ ಹೀರುತ್ತದೆ. ಇದನ್ನು ಯಾರು ಗೊತ್ತುಮಾಡುತ್ತಾರೆ? (ಓದುಗರೊಬ್ಬರು, ಜಯನಗರ)

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ತುಂಬಾ ಜನ ಕೇಳುತ್ತಾರೆ. ಕೋಶಕ್ಕೆ ಇದು ತಿಳಿಯುವುದು ನಿಂತ ಜಾಗದಿಂದ. ಅಕ್ಕಪಕ್ಕದ ಕೋಶಗಳು ಪ್ರೋಟೀನುಗಳ ಮೂಲಕ ಸುದ್ದಿ ಮುಟ್ಟಿಸುತ್ತಾ ಇರುತ್ತವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನುವುದು ಆ ಸುದ್ದಿಯ ಮೇಲೆ ನಿಂತಿದೆ.

ಸಣ್ಣ ಕರುಳನ್ನೇ ನೋಡೋಣ. ಅದರ ಒಳಗೋಡೆಗೆ ಒಂದೇ ಸಾಲು ಕೋಶಗಳ ಹೊದಿಕೆ ಇದೆ. ಅದು ಎಪಿಥೀಲಿಯಂ. ಈ ಹೊದಿಕೆ ಪುಟ್ಟ ಬೆರಳುಗಳ ಹಾಗೆ ಮೇಲೆದ್ದಿರುತ್ತದೆ. ಅವೇ ವಿಲ್ಲೈ. ಬೆರಳುಗಳ ಬುಡದಲ್ಲಿ ಸಣ್ಣ ಗುಳಿಗಳು, ಗುಳಿಯ ತಳದಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಕಾಂಡಕೋಶಗಳು (ಸ್ಟೆಮ್ ಸೆಲ್). ತಳದಲ್ಲಿ 'ವಿಂಟ್' ಅನ್ನುವ ಸಂಕೇತ ಜಾಸ್ತಿ. ಅದು ಸಿಗುತ್ತಿರುವ ತನಕ ಕಾಂಡಕೋಶ ಕಾಂಡಕೋಶವಾಗಿಯೇ ಉಳಿದು ಎರಡಾಗುತ್ತಾ ಹೋಗುತ್ತದೆ. ಹೊಸದಾಗಿ ಹುಟ್ಟಿದವು ಮೇಲಕ್ಕೆ ಸರಿಯುತ್ತವೆ. ಸರಿದಂತೆಲ್ಲಾ ವಿಂಟ್ ಕಡಿಮೆ, 'ಬಿಎಂಪಿ' ಅನ್ನುವ ಇನ್ನೊಂದು ಸಂಕೇತ ಜಾಸ್ತಿ. ಆಗ ಎರಡಾಗಿ ಒಡೆಯುವುದು ನಿಲ್ಲುತ್ತದೆ, ಕೆಲಸ ಹಿಡಿಯುವ ಹೊತ್ತು ಬರುತ್ತದೆ. ಮೂರರಿಂದ ಐದು ದಿನದಲ್ಲಿ ಬೆರಳಿನ ತುದಿ ಸೇರಿ ಉದುರಿಹೋಗುತ್ತವೆ.

ಯಾವ ಕೆಲಸ? ಇಲ್ಲಿ 'ನಾಚ್' ಬರುತ್ತದೆ. ಇದು ಮುಟ್ಟಿಕೊಂಡಿರುವ ಕೋಶಗಳ ನಡುವೆ ಮಾತ್ರ ನಡೆಯುವ ಮಾತು. ಲೋಳೆ ಕೋಶವಾಗಲು ಹೊರಟದ್ದು ಪಕ್ಕದವರಿಗೆಲ್ಲಾ 'ನೀವು ಈ ಕೆಲಸಕ್ಕೆ ಬರಬೇಡಿ' ಅನ್ನುತ್ತದೆ. ಅದನ್ನು ಕೇಳಿಸಿಕೊಂಡವು ಸಾರ ಹೀರುವ ಕೋಶಗಳಾಗುತ್ತವೆ. ಅದಕ್ಕೇ ಲೋಳೆ ಕೋಶಗಳು ಒಂದೇ ಕಡೆ ಗುಂಪಾಗದೆ, ಉಪ್ಪಿಟ್ಟಿನಲ್ಲಿ ಸಾಸಿವೆಯ ಹಾಗೆ ಅಲ್ಲಲ್ಲಿ ಚೆದುರಿರುತ್ತವೆ.

ನಾಚ್, ವಿಂಟ್ ಅನ್ನುವ ಹೆಸರುಗಳು ಬಂದದ್ದು ಹಣ್ಣಿನ ನೊಣದಿಂದ. ಗಾಂಧಿ ಬಜಾರಿನಿಂದ ತಂದ ಬಾಳೆಹಣ್ಣು ಕಳಿತರೆ ಮುತ್ತಿಕೊಳ್ಳುತ್ತವಲ್ಲಾ, ಅಂಥವೇ. ರೆಕ್ಕೆಯ ಅಂಚು ಕಚ್ಚುಬಿದ್ದ ನೊಣದಿಂದ ನಾಚ್, ರೆಕ್ಕೆಯೇ ಇಲ್ಲದ ನೊಣದಿಂದ ವಿಂಟ್‌ನ ಅರ್ಧ ಹೆಸರು. ನಮ್ಮ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಇವತ್ತಿಗೂ ಈ ನೊಣಗಳನ್ನು ಸಾಕಿ ಅಧ್ಯಯನ ಮಾಡುತ್ತಾರೆ.

ಇನ್ನು ಆಕಾರ. ನನಗೆ ತುಂಬಾ ಇಷ್ಟವಾದ ಭಾಗ ಇದು. ಸಂಕೇತ ಆಕಾರ ಕೊಡುತ್ತದೆ ಅಂತ ಮಾತ್ರ ತಿಳಿದರೆ ಅರ್ಧವೇ ತಿಳಿದಂತೆ. ಮೊಟ್ಟೆಯೊಳಗಿನ ಕೋಳಿಮರಿಯಲ್ಲಿ ಕರುಳು ಮೊದಲು ನಯವಾದ ಕೊಳವೆ. ಅದರ ಸುತ್ತ ಸ್ನಾಯುವಿನ ಪದರಗಳು ಒಂದೊಂದಾಗಿ ಬಿಗಿಯುತ್ತವೆ. ಒಳಪದರ ಬೆಳೆಯುತ್ತಲೇ ಇದೆ, ಆದರೆ ಹೊರಕ್ಕೆ ಹಿಗ್ಗಲು ಜಾಗವಿಲ್ಲ. ನೆರಿಗೆ ಬೀಳುತ್ತದೆ, ಆಮೇಲೆ ನೆರಿಗೆ ವಿಲ್ಲೈ ಆಗುತ್ತದೆ. 2013ರಲ್ಲಿ ಸಂಶೋಧಕರ ಒಂದು ತಂಡ ತೋರಿಸಿದ್ದು ಇದನ್ನು. 2015ರಲ್ಲಿ ಅದೇ ಸಂಶೋಧಕರ ಇನ್ನೊಂದು ಅಧ್ಯಯನ ಬಂತು. ಹೊದಿಕೆ ಮಡಚಿಕೊಂಡಾಗ ಅದು ಹೊರಬಿಡುವ ಸಂಕೇತ ಬೆರಳಿನ ತುದಿಯ ಕೆಳಗೆ ಮೂರು ಕಡೆಯಿಂದ ಬಂದು ಸೇರುತ್ತದೆ. ಅಲ್ಲಿನ ಅಂಗಾಂಶ ಬಿಎಂಪಿ ಕಳಿಸಿ ಉತ್ತರ ಕೊಡುತ್ತದೆ. ಅದರಿಂದ ತುದಿಯ ಕೋಶಗಳು ಒಡೆಯುವುದನ್ನು ಬಿಡುತ್ತವೆ, ಕಾಂಡಕೋಶಗಳು ಬುಡಕ್ಕೆ ಸೀಮಿತವಾಗುತ್ತವೆ. ಅಂದರೆ ಇಲ್ಲಿ ಯಾರು ಏನು ಅನ್ನುವುದನ್ನು ಮಡಿಕೆಯೇ ಗೊತ್ತುಮಾಡಿತು!

ಈ ಸಂಕೇತದ ಲೆಕ್ಕ ತಪ್ಪಿದರೆ ಏನಾಗುತ್ತದೆ ನೋಡಿ. ಬೀಟಾ-ಕೆಟೆನಿನ್ ಅಂತ ಒಂದು ಪ್ರೋಟೀನ್ ಇದೆ. ಕೋಶವನ್ನು ಪಕ್ಕದ ಕೋಶಕ್ಕೆ ಅಂಟಿಸಲು ಅದೇ ಬೇಕು, ವಿಂಟ್ ಸುದ್ದಿಯನ್ನು ಕೋಶಕೇಂದ್ರಕ್ಕೆ ಮುಟ್ಟಿಸಲೂ ಅದೇ ಬೇಕು. ಸುದ್ದಿ ಇಲ್ಲದಾಗ ಅದು ಹೆಚ್ಚಾಗದಂತೆ ತಡೆಯಲು ಎಪಿಸಿ ಅನ್ನುವ ಇನ್ನೊಂದು ಪ್ರೋಟೀನ್ ಬೇಕು. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಕಡೆ ಎಪಿಸಿ ಜೀನ್ ಕೆಟ್ಟಿರುತ್ತದೆ. ವಿಂಟ್ ಬಾರದಿದ್ದರೂ ಬಂದಂತೆ ಕೋಶ ಒಡೆಯುತ್ತಲೇ ಇರುತ್ತದೆ.

ಮಗಳಿಗೆ ಇದನ್ನೂ ಹೇಳಿ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದಲ್ಲಿ ಇಲಿಯ ಕರುಳಿನ ಒಂದೇ ಒಂದು ಕಾಂಡಕೋಶವನ್ನು ಮೆತ್ತನೆಯ ಜೆಲ್ಲಿನಲ್ಲಿ ಇಟ್ಟು, ಬೇಕಾದ ಕೆಲವು ಪ್ರೋಟೀನ್ ಕೊಟ್ಟು ಬೆಳೆಸಿದರು. ಪುಟ್ಟ ಕರುಳಿನಂಥದ್ದು ಬೆಳೆಯಿತು. ಗುಳಿಗಳೂ ಮೂಡಿದವು, ಬೇರೆ ಬೇರೆ ಕೆಲಸದ ಕೋಶಗಳೂ ಹುಟ್ಟಿದವು. ವಿಂಟ್ ಅನ್ನು ಅವರು ಸೇರಿಸಿರಲಿಲ್ಲ. ಆ ಒಂದು ಕೋಶದ ಮಕ್ಕಳಲ್ಲೇ ಕೆಲವು ಅದನ್ನು ತಯಾರಿಸಿ ಪಕ್ಕದವರಿಗೆ ಕೊಟ್ಟವು.