ವೇರಿಯನ್ಸ್: ನದಿ ಪಕ್ಕದ ಜಾಗದಲ್ಲಿ ಎಷ್ಟು ಡಾಂಬರು ಹಾಕಬಹುದು?

ಅಮೆರಿಕದಲ್ಲಿ ನದಿ ಪಕ್ಕ ಅಂಗಡಿಯೋ ಹೋಟೆಲೋ ಕಟ್ಟಲು ಹೊರಟವರ ಕಿವಿಗೆ ಬೇಗನೆ ಬೀಳುವ ಪದ ವೇರಿಯನ್ಸ್. ಊರಿನ ಝೋನಿಂಗ್ ನಿಯಮದ ಯಾವುದೋ ಒಂದು ಅಳತೆಯಿಂದ ಒಂದೇ ಒಂದು ಜಾಗಕ್ಕೆ ಸಿಗುವ ವಿನಾಯಿತಿ ಇದು. ನಿಯಮ ಬದಲಾಗುವುದಿಲ್ಲ, ಪಕ್ಕದ ಸೈಟಿನವರು ಅದನ್ನು ಪಾಲಿಸಲೇಬೇಕು.

ಎಲ್ಲಿ ಮನೆ, ಎಲ್ಲಿ ಅಂಗಡಿ, ಕಟ್ಟಡ ಎಷ್ಟು ಎತ್ತರ ಅಂತ ಹೇಳುವುದು ಝೋನಿಂಗ್. ನ್ಯೂಯಾರ್ಕ್ 1916ರಲ್ಲೇ ಇಡೀ ನಗರಕ್ಕೆ ಇದನ್ನು ತಂದಿತು. 1926ರಲ್ಲಿ ಯೂಕ್ಲಿಡ್ ಎಂಬ ಊರಿನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು.

ನದಿ ಪಕ್ಕ ಇನ್ನೊಂದು ಅಳತೆ ಸೇರಿಕೊಳ್ಳುತ್ತದೆ: ನೀರು ಇಂಗದ ನೆಲ ಎಷ್ಟಿರಬಹುದು ಅನ್ನುವುದು. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಮಣ್ಣಾದರೆ ಅದರಲ್ಲಿ ಬಹಳಷ್ಟನ್ನು ಕುಡಿದುಬಿಡುತ್ತದೆ. ಡಾಂಬರಾದರೆ ಕಾರುಗಳಿಂದ ಸೋರಿದ ಎಣ್ಣೆ, ಚಳಿಗಾಲದಲ್ಲಿ ಹಿಮ ಕರಗಿಸಲು ಎರಚಿದ ಉಪ್ಪು, ಬಿಸಿಲಿಗೆ ಕಾದ ನೆಲದ ಶಾಖ ಎಲ್ಲವನ್ನೂ ಹೊತ್ತುಕೊಂಡು ನೀರು ನೇರ ನದಿಗೆ ಹೋಗುತ್ತದೆ. ಅದಕ್ಕೇ ಮಿತಿ. ಮಿನೆಸೋಟ ರಾಜ್ಯದ ದಡದ ನಿಯಮದಲ್ಲಿ ಇದು ಸಾಮಾನ್ಯವಾಗಿ ಸೈಟಿನ ಶೇ. 25.

ಲೆಕ್ಕಕ್ಕೆ 40,000 ಚದರಡಿ ಸೈಟು ಅಂದುಕೊಳ್ಳಿ. ಮಿತಿ 10,000. ಕಟ್ಟಡದ ಚಾವಣಿಗೇ 5,500 ಹೋಯಿತು. ಪಾರ್ಕಿಂಗಿಗೆ 6,000 ಬೇಕು. ಒಟ್ಟು 11,500. ಆ 1,500 ಅಡಿಗೆ ಅರ್ಜಿ ಹಾಕಬೇಕು. ಜಲ್ಲಿ ಹಾಕಿದರೆ ಆಯ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕಾರು ಓಡಾಡಿ ಗಟ್ಟಿಯಾದ ಜಲ್ಲಿಯಲ್ಲೂ ನೀರು ಸರಿಯಾಗಿ ಇಳಿಯುವುದಿಲ್ಲ. ಅನೇಕ ಊರುಗಳಲ್ಲಿ ಅದೂ ಡಾಂಬರಿನ ಲೆಕ್ಕಕ್ಕೇ. ತಮಾಷೆ ಅಂದರೆ, ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಅಂತ ಅದೇ ಊರಿನ ಇನ್ನೊಂದು ನಿಯಮ ಹೇಳುತ್ತಿರಬಹುದು. ಆಗ ಪಾರ್ಕಿಂಗ್ ಕಡಿಮೆ ಮಾಡಲು ವೇರಿಯನ್ಸ್ ಕೇಳುವುದೇ ಜಾಣತನ.

ಅರ್ಜಿಯನ್ನು ಸಾಮಾನ್ಯವಾಗಿ ಝೋನಿಂಗ್ ಮಂಡಳಿ ಬಹಿರಂಗ ಸಭೆಯಲ್ಲಿ ಕೇಳುತ್ತದೆ. ಅಕ್ಕಪಕ್ಕದವರಿಗೂ ನೋಟಿಸ್ ಹೋಗುತ್ತದೆ. ಅಲ್ಲಿ ನಿರ್ಧಾರ ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ ಅನ್ನಬಹುದು: ತೊಂದರೆ ಜಾಗದ್ದೋ, ಮಾಲೀಕರದ್ದೋ? ಸೈಟು ವಿಚಿತ್ರ ಆಕಾರದ್ದು, ಅರ್ಧ ಭಾಗ ಬಂಡೆ ಅಂದರೆ ಅದು ಜಾಗದ ತೊಂದರೆ. ಕಟ್ಟಡವನ್ನು ದೊಡ್ಡದಾಗಿ ಕಟ್ಟಿ ಆಮೇಲೆ ಪಾರ್ಕಿಂಗಿಗೆ ಜಾಗ ಸಾಲಲ್ಲ ಅಂದರೆ ಅದು ತಾನೇ ತಂದುಕೊಂಡದ್ದು. ಲಾಭ ಕಡಿಮೆ ಆಗುತ್ತೆ ಅನ್ನುವ ಒಂದೇ ಕಾರಣ ಮಿನೆಸೋಟದಲ್ಲಿ ನಡೆಯುವುದಿಲ್ಲ. ಅಲ್ಲಿ 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಈ ಪರೀಕ್ಷೆಯನ್ನು ಎಷ್ಟು ಬಿಗಿ ಮಾಡಿತೆಂದರೆ, ವೇರಿಯನ್ಸ್ ಸಿಗುವುದೇ ಕಷ್ಟವಾಯಿತು. 2011ರಲ್ಲಿ ಕಾನೂನನ್ನೇ ತಿದ್ದಿ ಸ್ವಲ್ಪ ಸಡಿಲಿಸಿದರು. ಈಗ ಅಲ್ಲಿ ನೋಡುವುದು ನಿಯಮ ಪಾಲಿಸಲು ನಿಜವಾದ ಅಡಚಣೆ ಇದೆಯೇ ಅಂತ.

ಸಿಕ್ಕರೂ ಸುಮ್ನೆ ಸಿಗುವುದು ಅಪರೂಪ. ಮಂಡಳಿ ಷರತ್ತು ಹಾಕುತ್ತದೆ: ಹೆಚ್ಚುವರಿ 1,500 ಅಡಿಗೆ ಸಂದಿಯಲ್ಲಿ ನೀರಿಳಿಯುವ ಪೇವರ್ ಬ್ಲಾಕ್ ಹಾಕಿ, ಹರಿದ ನೀರು ನಿಂತು ಇಂಗಲು ತಗ್ಗಿನಲ್ಲಿ ಗಿಡದ ಪಾತಿ ಮಾಡಿ, ದಡದ ಗಿಡಮರ ಕಡಿಯಬೇಡಿ. ಎಷ್ಟು ಜಾಸ್ತಿ ಹೊದಿಸುತ್ತೀರೋ ಷರತ್ತೂ ಆ ಅಳತೆಗೆ ತಕ್ಕಂತಿರಬೇಕು. ಪೇವರ್ ಹಾಕಿ ಮರೆತರೆ ಕೆಲಸಕ್ಕೆ ಬಾರದು. ಸಂದಿಯಲ್ಲಿ ಮಣ್ಣು, ಎಲೆಪುಡಿ ತುಂಬಿಕೊಂಡರೆ ಅದೂ ಕಾಂಕ್ರೀಟಿನಂತೆಯೇ. ಆಗಾಗ ಯಂತ್ರದಿಂದ ಹೀರಿ ತೆಗೆಸಬೇಕು.

ಇನ್ನೊಂದು ವಿಷಯ ಕೊಳ್ಳುವವರಿಗೆ. ವೇರಿಯನ್ಸ್ ಸಾಮಾನ್ಯವಾಗಿ ಸಿಗುವುದು ಜಾಗಕ್ಕೆ, ಮಾಲೀಕರಿಗಲ್ಲ. ಆಸ್ತಿ ಕೈ ಬದಲಾದರೆ ವಿನಾಯಿತಿಯೂ ಹೊಸ ಮಾಲೀಕರಿಗೆ ಬರುತ್ತದೆ, ಆ ಪೇವರ್ ಗುಡಿಸುವ ಷರತ್ತೂ ಜೊತೆಗೇ ಬರುತ್ತದೆ.